ಬೆಳದಿಂಗಳ ಕೊಡೆಗೆ ರಾಜಮುದ್ರೆ

ಕೋಡುಗಲ್ಲಿನ ದೊರೆ ರಣಮಲ್ಲ ನಾಯಕನಿಗೆ ಯಾರು ಏನು ಹೊಸದು ತಂದರೂ ಅದಕ್ಕೆ ಮುದ್ರೆ ಒತ್ತಿ ಸನ್ನದು ಕೊಡುವ ಚಪಲ. ಸನ್ನದು ಸಿಕ್ಕ ವಸ್ತುವನ್ನು ತಂದವನ ಹೊರತು ರಾಜ್ಯದಲ್ಲಿ ಇನ್ಯಾರೂ ಮಾಡುವಂತಿಲ್ಲ. ಇಂಥ ದೊರೆ ಸಿಕ್ಕಮೇಲೆ ಯಂತ್ರಬ್ರಹ್ಮ ಮಾರ್ತಾಂಡಯ್ಯ ಸುಮ್ಮನಿರುತ್ತಾನೆಯೇ? ಯಂತ್ರಬ್ರಹ್ಮ ಎಂಬ ಬಿರುದೂ ಅವನ ಸ್ವಂತ ತಯಾರಿಕೆಯೇ.

ಒಂದು ಬೆಳಿಗ್ಗೆ ಅವನು ಗಾಡಿ ತುಂಬ ಸಾಮಾನು ಹೇರಿಕೊಂಡು ಆಸ್ಥಾನಕ್ಕೆ ಬಂದ.

“ಪ್ರಭೂ, ವೈದ್ಯಕ್ಕೊಂದು, ಬೆಂಕಿಗೊಂದು, ಪಶುಪಾಲನೆಗೊಂದು, ಆಕಾಶಕ್ಕೊಂದು, ಹೀಗೆ ನಾಲ್ಕು ಯಂತ್ರ. ಮೂರು ಲೋಕದಲ್ಲೂ ಕಂಡು ಕೇಳರಿಯದವು! ಒಂದಕ್ಕೆ ಮುದ್ರೆ ಬಿದ್ದರೂ ಸಾಕು, ಚೆನ್ನಿಗಪ್ಪನ ಪೀಠ ನನಗೆ ಕೊಡಿಸಬೇಕು.”

“ನನ್ನ ವಿದೂಷಕನ ಪೀಠವೇ? ಅವನೆಲ್ಲಿಗೆ ಹೋಗಬೇಕು?”

“ನನ್ನ ಯಂತ್ರದ ಹಿಡಿ ತಿರುಗಿಸಲಿ. ಇಷ್ಟು ದಿನ ಬಾಯಿ ಆಡಿಸಿದ್ದಾಯಿತು, ಇನ್ನು ಕೈಯೂ ಸ್ವಲ್ಪ ಆಡಲಿ.”

“ಆಗಲಿ” ಎಂದುಬಿಟ್ಟ ದೊರೆ.

ಚೆನ್ನಿಗಪ್ಪ ಪೀಠದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಹದಿನೆಂಟು ವರ್ಷ ಕೂತು ಸವೆಸಿದ ಪೀಠ ಅದು. ಆದರೂ ಮುಖ ನಗುತ್ತಲೇ ಇತ್ತು, ಅದು ಅವನ ಕಸುಬು.

“ಪ್ರಭೂ, ಸನ್ನದಿನ ಒಕ್ಕಣೆಯನ್ನು ಒಮ್ಮೆ ಓದಿಸಿ.”

ಕರಣಿಕ ಓದಿದ: “ಹಿಂದೆ ಯಾರೂ ಕಂಡಿರದ, ಕೇಳಿರದ ವಸ್ತುವಿಗೆ ಮಾತ್ರ.”

“ಕಂಡಿಲ್ಲ, ಒಪ್ಪಿದೆ. ಕೇಳಿದ್ದೇವೋ ಇಲ್ಲವೋ ನೋಡೋಣ. ನಮ್ಮ ಕಡೆಯ ವಿದ್ವಾಂಸರನ್ನು ಕರೆಸುತ್ತೇನೆ.”

ವಿದ್ವಾಂಸರು ಬಂದರು. ಅರಮನೆಯಲ್ಲಿ ಭತ್ತ ಕುಟ್ಟುವ ಹೊನ್ನಜ್ಜಿ! ಬಾಯಲ್ಲಿ ಎರಡೇ ಹಲ್ಲು, ಮಾತಿಗೆ ಮಾತ್ರ ತಡೆಯಿಲ್ಲ.

“ಏನ್ಲಾ ಚೆನ್ನಿಗ, ಕುಟ್ಟೋಳ್ನ ಎಬ್ಬಿಸ್ಕೊಂಡ್ ಬಂದೆ?” ಎಂದು ಸೆರಗಿನ ತವುಡು ಕೊಡವಿದಳು.

“ಅಜ್ಜೀ, ಇವರು ತೋರಿಸ್ತಾರೆ. ನಿಂಗೆ ಏನು ತೋಚುತ್ತೋ ಹೇಳು, ಸಾಕು.”

ಮಾರ್ತಾಂಡಯ್ಯ ಮೊದಲ ಯಂತ್ರದ ಬಟ್ಟೆ ಸರಿಸಿದ. ಏಳು ಕನ್ನಡಿ, ಹನ್ನೊಂದು ಹಲ್ಲುಗಾಲಿ. “ಅಂಗೈಯಲ್ಲಿ ಹುಣ್ಣಾದರೆ ಈ ಏಳು ಕನ್ನಡಿ ಹಾದು ರೋಗಿಯ ಕಣ್ಣಿಗೇ ಕಾಣುತ್ತದೆ!”

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. “ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪಾ?”

“ಕೇಳಿದ್ದೇ ಪ್ರಭೂ!” ಎಂದ ಚೆನ್ನಿಗಪ್ಪ. ಕರಣಿಕ ಪಟ್ಟಿಯಲ್ಲಿ ಆ ಯಂತ್ರದ ಮೇಲೆ ಒಂದು ಗೀಟು ಎಳೆದ.

ಎರಡನೆಯದು ಮುನ್ನೂರು ಗುದ್ದಲಿ ಕಟ್ಟಿದ ಚಕ್ರ. “ಮನೆಗೆ ಬೆಂಕಿ ಬಿದ್ದ ಕೂಡಲೇ ಇದನ್ನು ಅಂಗಳಕ್ಕೆ ಇಳಿಸಿ. ಎರಡೇ ದಿನದಲ್ಲಿ ಬಾವಿ ಸಿದ್ಧ!”

“ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುದ್ರಂತೆ” ಎಂದಳು ಅಜ್ಜಿ. ಇನ್ನೊಂದು ಗೀಟು.

ಮೂರನೆಯದು ನಾಯಿಯ ಸಮೇತ ಬಂತು. ಬಾಲವನ್ನು ನೆಟ್ಟಗೆ ಮಾಡುವ ಹಿತ್ತಾಳೆ ಕೊಳವೆ ಅದರ ಬಾಲಕ್ಕೇ ತೊಡಿಸಿತ್ತು.

“ನಾಯಿ ಬಾಲಕ್ಕೆ ದಬ್ಬೆ ಕಟ್ಟುದ್ರೆ ನೆಟ್ಟಗಾದಾತಾ?”

“ದಬ್ಬೆ ಬಿದಿರಿನದು! ನನ್ನದು ಹಿತ್ತಾಳೆ!” ಎಂದು ಮಾರ್ತಾಂಡಯ್ಯ ಕೂಗಿ ಕೊಳವೆ ಬಿಚ್ಚಿದ. ಬಾಲ ನೆಟ್ಟಗಾಗಿರಲಿಲ್ಲ. ಹಿತ್ತಾಳೆಯೇ ಡೊಂಕಾಗಿತ್ತು.

ಚೆನ್ನಿಗಪ್ಪ ಪೀಠದ ಮೇಲೆ ಆರಾಮಾಗಿ ಒರಗಿದ. ಆಗಲೇ ಮಾರ್ತಾಂಡಯ್ಯ ನಕ್ಕ, ದೊರೆಯ ಹಿಂದೆ ಒರಗಿಸಿಟ್ಟಿದ್ದ ರೇಷ್ಮೆಯ ಕೊಡೆಯನ್ನು ಎತ್ತಿಕೊಂಡ.

“ಬೆಳದಿಂಗಳ ಕೊಡೆ! ಚಂದ್ರನ ಬಿಸಿಗೆ ಮೈ ಕಪ್ಪಾಗದಂತೆ ರಾತ್ರಿ ಹಿಡಿಯುವುದು. ಇದನ್ನು ಮೊದಲೇ ಗುಟ್ಟಾಗಿ ಒಪ್ಪಿಸಿದ್ದೆ, ಸಾಕ್ಷಾತ್ ಪ್ರಭುಗಳೇ ಮೂರು ರಾತ್ರಿಯಿಂದ ಉಪ್ಪರಿಗೆಯಲ್ಲಿ ಹಿಡಿದು ಓಡಾಡುತ್ತಿದ್ದಾರೆ.”

ದೊರೆ ಗಂಭೀರವಾಗಿ ತಲೆಯಾಡಿಸಿದ. ಚೆನ್ನಿಗಪ್ಪನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅಜ್ಜಿಯ ಬಾಯಿ ಮುಚ್ಚಿಸಲು ಎದ್ದ, ಅಷ್ಟರಲ್ಲಿ ಅದು ತೆರೆದಿತ್ತು.

“ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದನಂತೆ!”

ದೊರೆಯ ಮೀಸೆ ಅದುರಿತು.

“ನಾನು ಅಲ್ಪನೇ? ಯಾರಲ್ಲಿ! ಈ ಮುದುಕಿಯನ್ನು ಹಿಡಿಯಿರಿ!”

“ಗಾದೆ ಹೇಳ್ದೆ ಬುದ್ಧೀ, ನಿಮ್ಗಲ್ಲ...” ಅಜ್ಜಿ ಮೊದಲ ಸಲ ತಡವರಿಸಿದಳು.

ಚೆನ್ನಿಗಪ್ಪನಿಗೆ ಪೀಠ ಮರೆತೇಹೋಯಿತು. ತನ್ನ ಮಾತು ನಂಬಿ ಬಂದ ಮುದುಕಿಯ ತಲೆ ಹೋಗುವುದರಲ್ಲಿತ್ತು. ಎದ್ದು ಕೈಮುಗಿದ.

“ಪ್ರಭೂ, ಧಾರಾಳವಾಗಿ ಸಿಟ್ಟಾಗಿ. ಆದರೆ ಗಾದೆ ಈ ಕೊಡೆಗೆ ತಾಗಿದ್ದರೆ ತಾನೇ ಸಿಟ್ಟು? ತಾಗಿತು ಅಂದರೆ ಕೊಡೆ ಹಳೆಯದು, ತಲೆತಲಾಂತರದಿಂದ ಕೇಳಿದ್ದು. ಮುದ್ರೆಯಿಲ್ಲ. ಇಲ್ಲ, ಕೊಡೆ ಹೊಸದೇ ಅನ್ನಿ. ಆಗ ಗಾದೆ ಇನ್ಯಾವುದೋ ಕೊಡೆಯದು, ಅಜ್ಜಿಯ ತಪ್ಪಿಲ್ಲ.”

ಮಾರ್ತಾಂಡಯ್ಯ ಹಾರಿಬಂದು ದೊರೆಯ ಕಾಲು ಹಿಡಿದ. “ಸಿಟ್ಟಾಗಬೇಡಿ ಪ್ರಭೂ, ದಮ್ಮಯ್ಯ! ಅಜ್ಜಿ ಬಂಗಾರದಂಥವಳು! ಆಕೆ ಹೇಳಿದ್ದು ಬೇರೆ ಕೊಡೆ, ಬೇರೆ ಅಲ್ಪ!”

“ಹಾಗಿದ್ದರೆ ಬಿಟ್ಟೆ” ಎಂದ ದೊರೆ ಗೊಂದಲದಲ್ಲಿ.

ಚೆನ್ನಿಗಪ್ಪ ಉಸಿರು ಬಿಟ್ಟ. ಅಜ್ಜಿ ಉಳಿದಳು, ಇನ್ನು ಪೀಠ.

“ಹೊಸದು ಅಂತಲೇ ಆಗಲಿ ಪ್ರಭೂ. ಇವತ್ತು ಹುಣ್ಣಿಮೆ. ಈ ಕೊಡೆ ಹಿಡಿದು ಪೇಟೆಬೀದಿಯಲ್ಲಿ ಒಂದು ಸುತ್ತು ಬನ್ನಿ. ಜಗಲಿಯ ಮೇಲೆ ಕೂತವರಲ್ಲಿ ಒಬ್ಬರೂ ಆ ಗಾದೆ ಹೇಳದಿದ್ದರೆ ಮುದ್ರೆ ಒತ್ತಿಬಿಡಿ. ನಾಳೆಯಿಂದ ಯಂತ್ರದ ಹಿಡಿ ನಾನೇ ತಿರುಗಿಸುತ್ತೇನೆ.”

ದೊರೆ ಕಣ್ಣು ಮುಚ್ಚಿದ. ಪೇಟೆಬೀದಿ ಕಂಡಿತು, ಎರಡೂ ಬದಿಯ ಜಗಲಿಗಳು ಕಂಡವು, ಅಲ್ಲಿ ಕೂತವರ ಬಾಯಿಗಳೂ ಕಂಡವು. ಮೀಸೆ ಮತ್ತೆ ಅದುರಿತು, ಈ ಸಲ ನಗು ತಡೆಯಲಾರದೆ.

“ಬೇಡ ಮಾರಾಯ, ಕೊಡೆ ಹಳೆಯದೇ! ನಾನೂ ಕೇಳಿದ್ದೇನೆ!” ಎಂದು ಮುದ್ರೆಯನ್ನು ಪೆಟ್ಟಿಗೆಗೆ ಹಾಕಿದ. “ಪೀಠ ನಿನ್ನದೇ ಚೆನ್ನಿಗಪ್ಪ. ಬಹುಮಾನವಾಗಿ ಈ ಕೊಡೆಯನ್ನೂ ತೆಗೆದುಕೋ.”

“ಹೇಗೆ ಹಿಡಿಯಲಿ ಪ್ರಭೂ? ಅಲ್ಪನೇನೋ ನಾನಿದ್ದೇನೆ, ಐಶ್ವರ್ಯ ಇನ್ನೂ ಬಂದಿಲ್ಲವಲ್ಲ!”

ದೊರೆ ಹೊಟ್ಟೆ ಹಿಡಿದು ನಗುತ್ತ ಕೊರಳಿನ ಚಿನ್ನದ ಸರ ತೆಗೆದು ಅವನತ್ತ ಎಸೆದ. ಒನಕೆ ಹಿಡಿದು ಪಳಗಿದ ಕೈಯೊಂದು ಅದನ್ನು ನಡುದಾರಿಯಲ್ಲೇ ಹಿಡಿಯಿತು.

“ಐಶ್ವರ್ಯ ನಂಗಿರ್ಲಿ” ಎಂದಳು ಹೊನ್ನಜ್ಜಿ. “ಕೊಡೆ ನೀನ್ ಮಡೀಕೊ ಕಣ್ಲಾ.”