ಬೀದರ ಬಸ್ಸಿಗೆ ಬರಬೇಕಾದ ‘ಅ’

ಧಾರವಾಡದಲ್ಲಿ ಪಾರವ್ವ ಅಂತ ಒಬ್ಬ ತಾಯಿ. ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಟ್ಟು ಸಂಸಾರ ತೂಗಿಸಿದವಳು. ಹೇಳಿದ ಮಾತು ಮೀರದ ಮಗನನ್ನು ಕೊಡಪ್ಪಾ ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡಿದ್ದಳು. ದೇವರು ಕೊಟ್ಟ. ಈಗ ಅದೇ ದೇವರ ಮುಂದೆ ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ. ಮಗನ ಹೆಸರು ಗುರುಸಿದ್ಧ. ಏನು ಹೇಳಿದರೂ ‘ಹೂಂ’ ಅನ್ನುತ್ತಾನೆ, ಹೇಳಿದಷ್ಟೇ ಮಾಡುತ್ತಾನೆ. ರೊಟ್ಟಿ ಬುಟ್ಟಿ ಖಾನಾವಳಿಗೆ ಕೊಟ್ಟು ಬಾ ಎಂದರೆ ರೊಟ್ಟಿಯ ಜೊತೆ ಬುಟ್ಟಿಯನ್ನೂ ಕೊಟ್ಟು ಬರುತ್ತಾನೆ.

ಅಂಥವನು ಕಾನೂನು ಕಾಲೇಜಿನ ಕೊನೆಯ ವರ್ಷದವರೆಗೆ ಹೇಗೆ ಬಂದ ಅನ್ನಬೇಡಿ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದರೆ ಪಾಸು ಮಾಡುವ ಪರೀಕ್ಷೆ ಹುಟ್ಟಿದ್ದೇ ಅವನಿಗಾಗಿ. ಬೇಸಿಗೆ ರಜೆಯಲ್ಲಿ ಕಾಲೇಜಿನವರು ಅವನನ್ನು ಒಂದು ಪ್ರಕಾಶನಕ್ಕೆ ಸಂಶೋಧನೆಯ ಕೆಲಸಕ್ಕೆ ಕಳಿಸಿದರು. ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕುವ, ಈಗೀಗ ಕಂಪ್ಯೂಟರಿಗೂ ಏರಿಸುವ ಜಾಗ ಅದು. ವಿದ್ಯಾರ್ಥಿಗಳು ತೀರ್ಪು ಓದಿ, ವಕೀಲರು ಹುಡುಕಿದ ಕೂಡಲೇ ಸಿಗುವ ಹಾಗೆ ಸಾರಾಂಶ ಬರೆದಿಡಬೇಕು. ಸಂಪಾದಕರು ಹಂಪಿಹೊಳಿ ಸಾಹೇಬರು. ಪಕ್ಕದ ಕುರ್ಚಿಯಲ್ಲಿ ಬೀದರಿನಿಂದ ಬಂದ ನೀಲಾಂಬಿಕಾ, ಅವಳೂ ವಿದ್ಯಾರ್ಥಿನಿಯೇ. ಕಂಡ ದಿನವೇ ಗುರುಸಿದ್ಧನಿಗೆ ಅವಳು ಬೇಕು ಅನ್ನಿಸಿತು. ರಜೆ ಮುಗಿದರೆ ಊರಿಗೆ ಹೋಗಿಬಿಡುತ್ತಾಳಲ್ಲ ಎಂದು ಅವತ್ತಿನಿಂದಲೇ ಸಂಕಟಪಡಲು ಶುರುಮಾಡಿದ.

ಸಾಹೇಬರು ಒಂದು ದಪ್ಪ ತೀರ್ಪು ಕೊಟ್ಟರು. “ಇದನ್ನ ಒಂದು ಪುಟಕ್ಕ ಇಳಸು.”

“ಹೂಂ ರೀ ಸರ್.”

ಇಳಿಸಿದ. ಅಕ್ಷರಗಳನ್ನು ಕುಗ್ಗಿಸಿ ಕುಗ್ಗಿಸಿ, ಇಡೀ ತೀರ್ಪನ್ನು ಒಂದೇ ಹಾಳೆಯಲ್ಲಿ ತುಂಬಿ ತಂದ. ಹಾಳೆ ಸಾಸಿವೆ ಚೆಲ್ಲಿದ ಹಾಗಿತ್ತು.

“ಏನೋ ಇದು?”

“ಎಲ್ಲಾ ಐತ್ರಿ ಸರ್. ಒಂದು ಅಕ್ಷರ ಬಿಟ್ಟಿಲ್ಲ.”

“ಪೆದ್ದಾ, ಕಡೀಕ ಏನಾತು ಅದನ್ನಷ್ಟ ಹೇಳಬೇಕು. ಹಿಂದಿಂದು ಯಾರಿಗೆ ಬೇಕು?”

“ಹೂಂ ರೀ ಸರ್.” ಅವನ ಹೂಂ ಅಂದರೆ ಹೂಂ.

ಮರುದಿನ ಚಹಾದ ಅಂಗಡಿಯಲ್ಲಿ ನೀಲಾಂಬಿಕಾ ತಾನಾಗಿಯೇ ಮಾತಿಗಿಳಿದಳು. “ನಿಮ್ಮಪ್ಪ ಏನ್ ಮಾಡ್ತಾರ?”

ಅಪ್ಪ ಭಜನೆ ಹಾಡುತ್ತಿದ್ದ, ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಲಗೇರಿ ಕೆರೆಗೆ ಕರೆದೊಯ್ಯುತ್ತಿದ್ದ, ಈಗಲೂ ಕೆರೆ ಕಂಡರೆ ಹೆಗಲು ನೆನಪಾಗುತ್ತದೆ. ಇದೆಲ್ಲ ಗುರುಸಿದ್ಧನ ಗಂಟಲವರೆಗೆ ಬಂತು. ಆದರೆ ಕಡೆಗೆ ಏನಾಯಿತೋ ಅಷ್ಟನ್ನೇ ಹೇಳಬೇಕಲ್ಲ. “ಸತ್ತಾನ,” ಅಂದ.

“ಅಯ್ಯ ಪಾಪ. ಓದು ಮುಗಿದ ಮ್ಯಾಲ ನೀ ಏನ್ ಮಾಡ್ಬೇಕಂತೀ?”

“ಸಾಯ್ತೀನಿ.”

ಹುಡುಗಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಮನೆಯಲ್ಲಿ ಇದನ್ನು ಕೇಳಿ ಪಾರವ್ವ ತಲೆ ಮೇಲೆ ಕೈ ಹೊತ್ತಳು. “ಹಂಗಂತಾರೇನೋ? ಯಾರು, ಎಲ್ಲಿಯವರು, ಯಾವ ಓಣಿ, ಎಲ್ಲಾ ಬಿಚ್ಚಿ ಹೇಳಬೇಕು. ಒಂದೂ ಮುಚ್ಚಿಡಬಾರದು.”

“ಹೂಂ ಅವ್ವಾ.”

ಮರುದಿನ ಬಂದದ್ದು ಗಂಡ ಹೆಂಡಿರ ಜಗಳದ ಮೊಕದ್ದಮೆ. ಗುರುಸಿದ್ಧ ಅವರ ಹೆಸರು, ಊರು, ಓಣಿ, ಮನೆ ಬಾಗಿಲ ಬಣ್ಣ ಎಲ್ಲವನ್ನೂ ಬಿಚ್ಚಿ ಬರೆದು ಕಂಪ್ಯೂಟರಿಗೆ ಏರಿಸಲು ಕೊಟ್ಟ. ಹಂಪಿಹೊಳಿ ಸಾಹೇಬರ ಮುಖ ಕೆಂಪಾಯಿತು.

“ಗಂಡು ಹೆಣ್ಣಿನ ಮಾತಿನಾಗ ಹೆಸರು ಹೊರಗ ಬಿಡಬಾರದೋ. ಗಂಡಿಗೆ ‘ಅ’ ಅನ್ನು, ಹೆಣ್ಣಿಗೆ ‘ಬ’ ಅನ್ನು. ಆ ‘ಅ’ ಯಾರು ಅಂತ ಯಾರು ಕೇಳಿದ್ರೂ ಹೇಳಬ್ಯಾಡ. ನೀನೂ ಮರತುಬಿಡು.”

“ಹೂಂ ರೀ ಸರ್.”

ಹೆಸರು ಅಳಿಸಲು ನೀಲಾಂಬಿಕಾ ಜೊತೆಗೆ ಕೂತಳು. ತವರಿಗೆ ಹೋದ ಹೆಂಡತಿ ಬರಲಿಲ್ಲವೆಂದು ಆ ಗಂಡ ದಿನಾ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದನಂತೆ. ತೀರ್ಪಿನಲ್ಲಿ ಅದು ಒಂದೇ ಸಾಲು. ಅವಳ ಕಣ್ಣು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು. “ಹೆಸರು ತೆಗದ್ರೂ ಮನಸು ಕಾಣ್ತದ ನೋಡು. ನನ್ನ ಸಲುವಾಗಿ ಯಾರರ ಹಿಂಗ ಕಾದ್ರ...” ಅಂದವಳು ಮುಂದಿನ ಹೆಸರು ಅಳಿಸತೊಡಗಿದಳು. ಗುರುಸಿದ್ಧನಿಗೆ ಆ ರಾತ್ರಿ ಊಟ ಸೇರಲಿಲ್ಲ.

ರಜೆ ಮುಗಿದು ನೀಲಾಂಬಿಕಾ ಊರಿಗೆ ಹೊರಡುವ ದಿನ ಬಂತು. ಪಾರವ್ವ ಮಗನ ಬೆನ್ನಿಗೆ ಕೈಹಚ್ಚಿ ಹೊರಗೆ ದೂಡಿದಳು. “ಬಸ್ ಹೊರಡೂದ್ರೊಳಗ ಮನಸಿನಾಗಿಂದು ಹೇಳಿಬಿಡು, ಹೋಗು.”

ಹೋದ. ಕಿಟಕಿಯ ಪಕ್ಕ ಕೂತಿದ್ದ ಅವಳ ಮುಂದೆ ನಿಂತು ಹೇಳಿದ: “ಒಂದು ಮಾತೈತ್ರಿ. ‘ಅ’ ಅನ್ನವಗ ‘ಬ’ ಅನ್ನಾಕಿ ಮ್ಯಾಲ ಭಾಳ ಜೀವ. ಆಕಿ ಊರಿಗೆ ಹೋದ್ರ ಅಂವಗ ಧಾರವಾಡ ಅನ್ನೂದ ಖಾಲಿ.”

ನೀಲಾಂಬಿಕಾ ಅವನನ್ನೇ ನೋಡಿದಳು. ನಗು ಬಂತು, ಹಿಂದೆಯೇ ಕಣ್ಣು ತುಂಬಿತು. “‘ಬ’ ಒಪ್ಯಾಳ ಅಂತ ‘ಅ’ಗ ಹೇಳು. ಪಂಚಮಿ ಒಳಗ ಬೀದರಕ್ಕ ಬಂದು ನಮ್ಮಪ್ಪನ ಕೇಳಲಿ. ಆಮ್ಯಾಲ ಅಪ್ಪ ಬ್ಯಾರೆ ಕಡೆ ಗೊತ್ತು ಮಾಡ್ತಾನ. ಅಲ್ಲೀತನಕ ಆಕಿ ಕಾಯ್ತಾಳ.”

“ಹೂಂ,” ಅಂದ ಗುರುಸಿದ್ಧ. ಬಸ್ಸು ಹೊರಟಿತು.

ಅಳುತ್ತ ಮನೆಗೆ ಬಂದ. “ಏನಂದಳೋ?” ಎಂದಳು ಪಾರವ್ವ.

“ಒಪ್ಯಾಳ ಅವ್ವಾ.”

ಪಾರವ್ವ ಬೆಲ್ಲದ ಡಬ್ಬಿಗೆ ಕೈಹಾಕಿದಳು. “ಮತ್ಯಾಕ ಅಳ್ತೀ?”

“ಆ ‘ಅ’ ಎಷ್ಟು ಪುಣ್ಯವಂತ, ಅವ್ವಾ.”

“ಅಂವ ನೀನ ಅಲ್ಲೇನೋ!”

“ಅಂವ ಯಾರು ಅಂತ ಯಾರಿಗೂ ಹೇಳಬ್ಯಾಡ, ನೀನೂ ಮರತುಬಿಡು ಅಂದಾರ ಸಾಹೇಬರು. ಹೂಂ ಅಂದೀನಿ. ಮರತೀನಿ.”

ಪಾರವ್ವ ಬೈದಳು, ಬೇಡಿದಳು, ಅತ್ತಳು. ಕಡೆಗೆ ಅವನ ದಾರಿಯಲ್ಲೇ ಹೋಗಿ ನೋಡೋಣ ಎಂದುಕೊಂಡು ರೊಟ್ಟಿ ಗಂಟು ಕಟ್ಟಿ ಕೈಗೆ ಕೊಟ್ಟಳು. “ಆಗಲಿ. ಆ ‘ಅ’ನ್ನ ಹುಡುಕಿ ಬೀದರ ಬಸ್ ಹತ್ತಿಸಿ ಬಾ.”

“ಹೂಂ ಅವ್ವಾ.”

ಅವತ್ತಿನಿಂದ ಗುರುಸಿದ್ಧ ದಿನಾ ಸಂಜೆ ಬೀದರ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಾನೆ. ಹತ್ತಿದವರ ಮುಖವನ್ನೆಲ್ಲ ನೋಡುತ್ತಾನೆ. “ನೀವು ‘ಅ’ ಏನ್ರಿ?” ಎಂದು ಕೇಳುತ್ತಾನೆ. ಅಲ್ಲಿ ಬೀದರಿನಲ್ಲಿ ಒಬ್ಬಳು ದಿನಾ ಬೆಳಿಗ್ಗೆ ಅದೇ ಬಸ್ಸಿನಿಂದ ಇಳಿದವರ ಮುಖ ನೋಡುತ್ತಾಳೆ. ನಾಳೆಯೇ ಪಂಚಮಿ.

ಇವತ್ತೂ ಕಿಟಕಿ ಪಕ್ಕದ ಆ ಸೀಟು ಖಾಲಿಯಾಗಿಯೇ ಹೋಯಿತು. ಬಸ್ಸು ಮರೆಯಾಗುವವರೆಗೆ ನಿಂತಿದ್ದು, ಕಣ್ಣೊರೆಸಿಕೊಂಡು, ರೊಟ್ಟಿ ಗಂಟು ಹಿಡಿದು ಗುರುಸಿದ್ಧ ಮನೆಗೆ ಬಂದ.

“ಇವತ್ತೂ ಅಂವ ಬರಲಿಲ್ಲ, ಅವ್ವಾ,” ಅಂದ. “ಅಂಥಾ ಹುಡುಗಿ ಕಾಯಾಕತ್ಯಾಳ, ಬಸ್ ಹತ್ತಲಿಲ್ಲ. ಇಂಥಾ ಪೆದ್ದ ಎಲ್ಲ್ಯಾದ್ರೂ ಇರ್ತಾನೇನು?”