ಐದರಲ್ಲಿ ಒಂದು ಕಡಿಮೆ

ಕರಿಗುಡ್ಡದ ಪೂಜ್ಯ ನಿರ್ವಾಣಜ್ಜನವರು ಆಗ ಗುಡ್ಡದ ಬುಡದಲ್ಲಿದ್ದ ಎರಡಂಕಣದ ಕಲ್ಲುಮಂಟಪದಲ್ಲಿ ವಾಸವಾಗಿದ್ದರು. ಮಠ ಅಂತ ಇನ್ನೂ ಆಗಿರಲಿಲ್ಲ. ಮಂಟಪಕ್ಕೆ ಬಾಗಿಲಿರಲಿಲ್ಲ. ಒಳಗೆ ಒಂದು ಕಂಬಳಿ, ಒಂದು ಜೋಳಿಗೆ, ಒಂದು ನೀರಿನ ಗಡಿಗೆ. ದಿನಕ್ಕೊಮ್ಮೆ ಊರೊಳಗೆ ಹೋಗಿ ಭಿಕ್ಷೆ ತರುವರು. ವಯಸ್ಸು ಎಪ್ಪತ್ತು ದಾಟಿತ್ತು. ಎಡಗಾಲ ಮಂಡಿ ಬಾತುಕೊಂಡು ಏಳುವುದಕ್ಕೂ ಕೂರುವುದಕ್ಕೂ ಕಷ್ಟವಾಗುತ್ತಿತ್ತು. ಉಪದೇಶ ಮಾಡುವುದು ಅವರಿಗೆ ಒಗ್ಗದು. ಬಂದವರು ಹೇಳಿದ್ದನ್ನು ಕೇಳುವರು, ಅಷ್ಟೆ. ಆದರೂ ಜನ ಬರುತ್ತಿದ್ದರು.

ಮಾಘದ ಒಂದು ಬುಧವಾರ ಮುಂಜಾನೆ ಅಲ್ಲಿಗೆ ಜಕ್ಕಪ್ಪ ಎಂಬ ಕುರಿಗಾರ ಬಂದ. ಅರವತ್ತರ ಆಸುಪಾಸಿನವನು. ಅವನ ಹೆಂಡತಿ ಲಗಮವ್ವ ತೀರಿಕೊಂಡು ಐದು ತಿಂಗಳಾಗಿತ್ತು. ಮೂರು ದಿನದ ಜ್ವರ. ಯಾರದೋ ಎರೆಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ್ದಾಗ, ಅಲ್ಲೇ, ಕಂಬಳಿಯ ಮೇಲೆ ಹೋದಳು.

ಹನ್ನೊಂದನೆಯ ದಿನ ಊರಿನ ಅಯ್ಯನವರು ಬಂದು ನಾಲ್ಕು ಮಾತು ಹೇಳಿದರು. “ದುಃಖ ಮಾಡಬ್ಯಾಡ ಜಕ್ಕಪ್ಪ. ದೇಹ ಅಂದ್ರ ಐದು ಭೂತ. ಐದೂ ತಮ್ಮ ತಮ್ಮ ಕಡಿ ಹೋಗಿ ಸೇರ್ಯಾವ.” ಕೂತವರೆಲ್ಲ ಹೌದು ಹೌದು ಎಂದು ತಲೆ ಆಡಿಸಿ ಊಟಕ್ಕೆ ಎದ್ದರು. ಜಕ್ಕಪ್ಪ ಏಳಲಿಲ್ಲ.

ಅವನು ಕುರಿ ಕಾಯುವವನು. ಸಂಜೆ ಕುರಿ ಎಣಿಸಿ, ಒಂದು ಕಡಿಮೆ ಬಿದ್ದರೆ ಊಟಕ್ಕೆ ಕೂರುವವನಲ್ಲ. ಅಯ್ಯನವರು ಐದು ಅಂದರು. ಅವನು ಬೆರಳು ಮಡಚಿ ಎಣಿಸಿದ. ಮಣ್ಣು, ಅದನ್ನು ತನ್ನ ಕೈಯಾರೆ ಎಳೆದು ಮುಚ್ಚಿದ್ದ. ನೀರು, ಬಾಯಿಗೆ ಬಿಟ್ಟದ್ದು ಕಟವಾಯಿಯಿಂದ ಇಳಿದು ಕಂಬಳಿ ತೋಯ್ದಿತ್ತು. ಕಾವು, ಪಾದ ಹಿಡಿದು ಕೂತಿದ್ದಾಗ ಅವನ ಅಂಗೈಯೊಳಗೇ ಆರಿತ್ತು. ಉಸಿರು, ಕಡೆಯದು ಅವನ ಮುಂಗೈಗೆ ತಾಗಿ ಹೋಗಿತ್ತು. ನಾಲ್ಕಾಯಿತು. ಇನ್ನೊಂದನ್ನು ಅವನು ಕಂಡಿರಲಿಲ್ಲ.

“ಅಯ್ನಾರ, ನಾಕು ಕಂಡೀನ್ರಿ. ಐದನೇದು ಯಾವ ಕಡಿ ಹೋತ್ರಿ?”

“ಅದು ಆಕಾಶಪಾ. ಆಕಾಶಕ್ಕ ಹೋತು.”

“ನೀವು ನೋಡಿದ್ರೇನ್ರಿ?”

“ಅದು ಕಣ್ಣಿಗೆ ಬೀಳೂದಲ್ಲೋ.”

“ಮತ್ತ ಹೋತಂತ ಹೆಂಗ ಹೇಳ್ತೀರಿ?”

ಅಯ್ಯನವರು ಹೆಗಲ ಶಲ್ಯ ಸರಿಮಾಡಿಕೊಂಡು ಎಲೆಯ ಮುಂದೆ ಹೋಗಿ ಕೂತರು.

ಆವತ್ತಿನಿಂದ ಜಕ್ಕಪ್ಪ ಕೇಳುತ್ತಾ ತಿರುಗಿದ. ಪೇಟೆಯಲ್ಲಿ ಪಂಚಾಂಗ ನೋಡುವ ಜೋಯಿಸರನ್ನು ಕೇಳಿದ. ಅವರು ಪಾಟಿಯ ಮೇಲೆ ಕುಂಡಲಿ ಬರೆದು ತೋರಿಸಿದರು. “ರಾಶಿ ಹನ್ನೆರಡು. ಬೆಂಕಿಗೆ ಮೂರು, ಮಣ್ಣಿಗೆ ಮೂರು, ಗಾಳಿಗೆ ಮೂರು, ನೀರಿಗೆ ಮೂರು. ಮುಗಿಯಿತು. ಐದನೆಯದಕ್ಕೆ ಇದರಲ್ಲಿ ಮನೆಯೇ ಇಲ್ಲ.”

“ಮನಿ ಇಲ್ಲಾಂದ್ರ ನಮ್ಮಂಗ ಅಡವ್ಯಾಗ ಇರತೈತೇನ್ರಿ?” ಎಂದ ಜಕ್ಕಪ್ಪ. ಜೋಯಿಸರು ಪಾಟಿ ಒರೆಸಿ ಎತ್ತಿಟ್ಟರು.

ಆಮೇಲೆ ತಾಮ್ರವನ್ನು ಬಂಗಾರ ಮಾಡುತ್ತೇನೆಂದು ಊರೂರು ಅಲೆಯುವ ರಸವಾದಿಯೊಬ್ಬ ಸಿಕ್ಕ. ನಾಲ್ಕು ಭೂತ ಕೂಡಿಸಿ ಪುಟವಿಟ್ಟು ಸುಟ್ಟರೆ ಐದನೆಯದರ ಸತ್ವ ಇಳಿಯುತ್ತದೆ ಎಂದ. ಒಂದು ಟಗರು ಒಯ್ದ. ಬದಲಿಗೆ ಬೆರಳಷ್ಟುದ್ದದ ಸೀಸೆಯಲ್ಲಿ ಎಂಥದೋ ಎಣ್ಣೆ ಕೊಟ್ಟ. ಕುರಿಹಟ್ಟಿಗೆ ಬಂದು ನೋಡುವುದರೊಳಗೆ ಎಣ್ಣೆ ಆರಿಹೋಗಿ ಸೀಸೆ ಖಾಲಿಯಾಗಿತ್ತು. ತಿರುಗಿ ಹೋಗಿ ಕೇಳಿದರೆ ರಸವಾದಿ ಹೇಳಿದನಂತೆ, “ಒಳಗ ಈಗ ಏನೂ ಇಲ್ಲಲ್ಲ, ಅದೇ ಆಕಾಶ.”

ಊರವರಿಗೆ ಇದು ತಮಾಷೆಯಾಯಿತು. ಕಟ್ಟೆಯ ಮೇಲೆ ಕೂತವರು ಕೂಗುವರು, “ಏ ಜಕ್ಕಪ್ಪ, ಸಿಕ್ತೇನೋ ಐದನೇ ಕುರಿ?” ಅವನು ನಿಂತು ಗಂಭೀರವಾಗಿ “ಇನ್ನೂ ಇಲ್ಲಪಾ” ಎಂದು ಹೇಳಿ ಮುಂದೆ ಹೋಗುವನು. ಅದಕ್ಕೆ ಇನ್ನಷ್ಟು ನಗುವರು.

ಇತ್ತ ಹಿಂಡು ಕೆಡುತ್ತಿತ್ತು. ಮೂವತ್ತೆಂಟು ವರ್ಷ ಕುರಿಗಳನ್ನು ಕೂಗಿ ಕರೆದವಳು ಲಗಮವ್ವ. ಅವನು ಹುಲ್ಲು ನೀರು ಹುಡುಕುತ್ತಾ ಮುಂದೆ ಹೋಗುವನು. ಅವಳು ಹಿಂದಿನಿಂದ ಹಿಂಡು ತರುವಳು. ಹಾಗೇ ಬದುಕು ಸಾಗಿತ್ತು. ಈಗ ಅವನು ಕೋಲು ಬೀಸಿದರೆ ಕುರಿ ಚದರುತ್ತಿದ್ದವು. ನೀರಿಗೆ ಹೊಡೆದರೆ ಅರ್ಧ ಇತ್ತ, ಅರ್ಧ ಅತ್ತ. ಒಂಬತ್ತು ಕುರಿ ತಪ್ಪಿಸಿಕೊಂಡು ತೋಳದ ಪಾಲಾದವು. ಹಾಲು ಕರೆಯಲು ಕೂತರೆ ಒದೆಯುತ್ತಿದ್ದವು. ಅವನಿಗೆ ಸಾಕಾಯಿತು. ಕಟುಕರಿಗೆ ಕುರಿ ಕೊಡಿಸುವ ದಲಾಲಿ ಸೋಮಲಿಂಗನಿಗೆ, ಬರುವ ಶನಿವಾರ ಬಂದು ಎಲ್ಲವನ್ನೂ ಹೊಡೆದುಕೊಂಡು ಹೋಗು ಎಂದು ಮಾತು ಕೊಟ್ಟ. ಆಮೇಲೆ ಏನು ಎಂದು ಅವನು ಯೋಚಿಸಿರಲಿಲ್ಲ. ಯೋಚಿಸುವುದಕ್ಕೆ ಆಮೇಲೆ ಅನ್ನುವುದೊಂದು ಇರಬೇಕಲ್ಲ.

ಹೀಗಿದ್ದಾಗ ಆ ಬುಧವಾರ ಮಂಟಪದ ಮುಂದೆ ಬಂದು ನಿಂತ. ಅಜ್ಜನವರು ಬಿಸಿಲಿಗೆ ಕೂತು ಕಂಬಳಿಯ ಹರಕು ಹೊಲಿಯುತ್ತಿದ್ದರು. ಅವನು ನಮಸ್ಕಾರ ಮಾಡಲಿಲ್ಲ. ಕೋಲಿನ ಮೇಲೆ ಗದ್ದ ಊರಿ ನಿಂತ.

“ಅಜ್ಜಾರ, ಒಂದ್ ಮಾತು ಕೇಳಾಕ ಬಂದೀನ್ರಿ. ಗೊತ್ತಿಲ್ಲಂದ್ರ ಇಲ್ಲಂದುಬಿಡ್ರಿ. ಸೀಸೆ ಮಾತ್ರ ಕೊಡಬ್ಯಾಡ್ರಿ.”

ಅಜ್ಜನವರು ನಕ್ಕರು. “ನನ್ನ ಕಡಿ ಸೀಸೆ ಇಲ್ಲ. ಕೂಡು.”

ಅವನು ಕೂತು ಎಲ್ಲವನ್ನೂ ಹೇಳಿದ. ಮಣ್ಣು, ನೀರು, ಕಾವು, ಉಸಿರು. ಅಯ್ಯನವರು, ಜೋಯಿಸರು, ರಸವಾದಿ. ಶನಿವಾರ ಕುರಿ ಹೋಗುವುದನ್ನೂ ಹೇಳಿದ. ಅಜ್ಜನವರ ಸೂಜಿ ನಿಲ್ಲಲಿಲ್ಲ. ಆಮೇಲೆ ದಾರ ಹರಿದು ಕೇಳಿದರು, “ಆಕಿ ಮೈ ವಾಸನಿ ನೆನಪೈತೇನು?”

“ಐತ್ರಿ. ಕಂಬಳಿ, ಹೊಗಿ, ಹಾಲು.”

“ಆಕಿ ಕಾಸಿದ ಅಂಬಲಿ?”

“ಉಪ್ಪು ಒಂಚೂರು ಹೆಚ್ಚ ಹಾಕ್ತಿದ್ಲುರಿ. ಹೇಳಿದ್ರ ಮರುದಿನ ಮತ್ತೊಂಚೂರು ಹೆಚ್ಚ ಹಾಕ್ತಿದ್ಲು.”

“ಮಾರಿ, ಕಣ್ಣು, ಮೂಗು?”

“ಎದುರಿಗೆ ನಿಂತಂಗ ಐತ್ರಿ.”

“ಕೈ?”

ಅವನು ತನ್ನ ಅಂಗೈ ನೋಡಿಕೊಂಡು ಮುಷ್ಟಿ ಮುಚ್ಚಿದ.

“ದನಿ?”

ಜಕ್ಕಪ್ಪ ಬಾಯಿ ತೆರೆದ. ಹುಡುಕಿದ. ಅವಳು ಆಡಿದ ಮಾತುಗಳೆಲ್ಲ ನೆನಪಿದ್ದವು. ಜಗಳದ್ದು, ನಗೆಯದ್ದು, ಜ್ವರದಲ್ಲಿ ನೀರು ಬೇಡಿದ್ದು. ಆದರೆ ಒಂದೊಂದೂ ಅವನದೇ ದನಿಯಲ್ಲಿ ಕೇಳುತ್ತಿತ್ತು. ಅವಳ ದನಿ ಎಲ್ಲೂ ಇರಲಿಲ್ಲ. ಎಂದಿನಿಂದ ಇರಲಿಲ್ಲವೋ ಅದೂ ತಿಳಿಯಲಿಲ್ಲ.

“ಇಲ್ರೀ ಅಜ್ಜಾರ. ಅದು ಇಲ್ರೀ.”

ಅಜ್ಜನವರು ನಿಧಾನವಾಗಿ ನುಡಿದರು. “ನೆಲಕ್ಕ ವಾಸನಿ. ನೀರಿಗೆ ರುಚಿ. ಬೆಂಕಿಗೆ ರೂಪ. ಗಾಳಿಗೆ ಸ್ಪರ್ಶ. ಆಕಾಶಕ್ಕ ಸದ್ದು. ಹಿರೇರು ಹಂಗ ಹಂಚ್ಯಾರ. ನಿನ್ನ ಎಣಿಕಿ ತಪ್ಪಿಲ್ಲ. ಒಂದು ಕಡಿಮಿ ಐತಿ.”

ಐದು ತಿಂಗಳಲ್ಲಿ ಅವನ ಎಣಿಕೆ ಸರಿ ಎಂದವರು ಅವರೊಬ್ಬರೇ. ಅವನ ಕಣ್ಣು ತುಂಬಿತು.

“ಕುರಿ ಹೆಂಗ ಕರೀತಿದ್ಲು?” ಎಂದು ಅಜ್ಜನವರು ಕೇಳಿದರು.

“ನೆನಪಿಲ್ರಿ.”

“ನಿನಗಿಲ್ಲ. ಅವಕ್ಕೈತಿ.” ಅಜ್ಜನವರು ಮಂಡಿ ಹಿಡಿದುಕೊಂಡು ಎದ್ದರು. “ನಡಿ. ನೀ ಕರಿ. ತಪ್ಪಿದ್ರ ಅವು ಹೇಳ್ತಾವ.”

ಕುರಿ ಹಳ್ಳದ ದಂಡೆಯ ಬಯಲಿನಲ್ಲಿ ಮೇಯುತ್ತಿದ್ದವು. ಅಜ್ಜನವರು ಒಂದು ಜಾಲಿಯ ನೆರಳಲ್ಲಿ ಕೂತರು. ಜಕ್ಕಪ್ಪನಿಗೆ ನಾಚಿಕೆ. ಜನ್ಮದಲ್ಲಿ ಕುರಿ ಕರೆದವನಲ್ಲ. ಒಂದು ಸಲ ಹೋ ಎಂದ. ಒಂದು ಕಿವಿಯೂ ಅಲ್ಲಾಡಲಿಲ್ಲ. ಬರ್ರೇ ಬರ್ರೇ ಎಂದ. ಮೇಯುತ್ತಲೇ ಇದ್ದವು. ಹೆಂಗಸಿನಂತೆ ಸಣ್ಣ ದನಿ ಮಾಡಿ ಕೂಗಿದ. ದಾರಿಯಲ್ಲಿ ಹೋಗುತ್ತಿದ್ದ ಕುರಿಗಾರರಿಬ್ಬರು ನಿಂತರು. “ಮಾವಾ, ಕುರಿಗೆ ಜೋಗುಳ ಹಾಡಾಕ ಹತ್ತೀಯೇನು? ನಿದ್ದಿ ಬಂದಾವು ನೋಡು!” ಅಜ್ಜನವರನ್ನು ಕಂಡು ಬಾಯಿ ಮುಚ್ಚಿಕೊಂಡು ಹೋದರು.

ಬುಧವಾರ ಹಾಗೇ ಮುಗಿಯಿತು. ಗುರುವಾರವೂ ಕರೆದ. ಏರಿಸಿ ಕರೆದ, ಎಳೆದು ಕರೆದ, ನಾಲಿಗೆ ಮಡಚಿ ಕರೆದ. ಅಜ್ಜನವರು ಹೀಗೆ ಕರಿ ಎನ್ನಲಿಲ್ಲ, ಸಾಕು ಬಿಡು ಎಂತಲೂ ಅನ್ನಲಿಲ್ಲ. ಎರಡು ದಿನ ಅವರು ಭಿಕ್ಷೆಗೆ ಹೋಗಲಿಲ್ಲ. ಜಕ್ಕಪ್ಪ ತನ್ನ ಒಣರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರೆ ನೀರಲ್ಲಿ ನೆನೆಸಿ ತಿನ್ನುವರು. ಅವನಿಗೇ ಮರುಕ ಬಂತು.

“ನೀವಾದ್ರೂ ಹೋಗ್ರಿ ಅಜ್ಜಾರ. ನನ್ನ ಸಲುವಾಗಿ ಯಾಕ ಕಷ್ಟ?”

“ನಿನ್ನ ಸಲುವಾಗಿ ಅಲ್ಲಪಾ,” ಎಂದರು. “ಆಕಿ ದನಿ ನಾನೂ ಕೇಳಿಲ್ಲಲ್ಲ.”

ಶುಕ್ರವಾರ ಹೊತ್ತು ಇಳಿಯುವ ಹೊತ್ತಿಗೆ ಅವನ ಗಂಟಲು ಹೋಗಿತ್ತು. ಬೆಳಗಾದರೆ ಸೋಮಲಿಂಗ ಬರುವನು. ಒಂದು ಎಳೆಮರಿ ಹಳ್ಳದ ಕೆಸರಿನಲ್ಲಿ ಸಿಕ್ಕಿಕೊಂಡು ಅರಚುತ್ತಿತ್ತು. ಇಳಿದು ಹೋಗಿ ಎತ್ತಿಕೊಂಡು ಬಂದ. ದಂಡೆ ಹತ್ತುವಾಗ ಉಸಿರು ಸಾಲಲಿಲ್ಲ. ಮರಿಯನ್ನು ಕಂಕುಳಲ್ಲಿಟ್ಟುಕೊಂಡೇ ಒಂದು ಕಲ್ಲಿನ ಮೇಲೆ ಕುಸಿದು ಕೂತ. ಕರೆಯಬೇಕೆಂದೂ ಇರಲಿಲ್ಲ. ಬಾಯಿ ತಾನಾಗಿ ಅಂದಿತು.

“ಬರ್ರೇ... ನಮ್ಮವ್ವಗೋಳ್ರೇ...”

ದನಿ ತಗ್ಗಿನಲ್ಲಿ ಹುಟ್ಟಿತು. ಅವ್ವ ಅನ್ನುವಲ್ಲಿ ಮುರಿಯಿತು. ಮುರಿದ ಮೇಲೆ ಹೊರೆ ಇಳಿಸಿದವರ ಉಸಿರಿನಂತೆ ಉದ್ದಕ್ಕೆ ಎಳೆಯಿತು.

ಹರಿದ ಕಿವಿಯ ಮುದಿ ಕುರಿಯೊಂದು ಮೇಯುವುದನ್ನು ಬಿಟ್ಟು ತಲೆ ಎತ್ತಿತು. ಬಾಯಲ್ಲಿ ಹುಲ್ಲು ಹಾಗೇ ನಿಂತಿತು. ಪಕ್ಕದ ಇನ್ನೊಂದು ತಲೆ ಎತ್ತಿತು. ಆಮೇಲೆ ಇನ್ನೂ ನಾಲ್ಕು.

ಅದು ಜಕ್ಕಪ್ಪನ ಗಂಟಲು. ಆದರೆ ಕೇಳಿದ್ದು ಲಗಮವ್ವನ ದನಿ.

ಆಗ ತಿಳಿಯಿತು. ಅವಳು ಕರೆಯುತ್ತಿದ್ದದ್ದು ಹೊತ್ತು ಮುಳುಗುವಾಗ. ದಿನವೆಲ್ಲ ನಡೆದು, ತಲೆಯ ಮೇಲೆ ಕಟ್ಟಿಗೆ, ಕಂಕುಳಲ್ಲಿ ನಡೆಯಲಾರದ ಮರಿ. ಆ ಹೊತ್ತಿಗೆ ಅವನು ಮುಂದೆ ಹೋಗಿ, ಜಾಗ ಹಿಡಿದು, ಕಾಲು ಚಾಚಿ ಕೂತಿರುತ್ತಿದ್ದ. ಹಿಂದಿನಿಂದ ಕರೆ ಬರುತ್ತಿತ್ತು. ಬಂದರು ಅಂದುಕೊಳ್ಳುವನು, ಅಷ್ಟೆ. ಆ ಕರೆಯೊಳಗೆ ಇದ್ದದ್ದು ದಣಿವು. ಮೂವತ್ತೆಂಟು ವರ್ಷ ಕಿವಿಗೆ ಬಿದ್ದರೂ ಅವನು ಅದನ್ನು ಕೇಳಿರಲಿಲ್ಲ. ಅವಳಷ್ಟು ಅವನು ಎಂದೂ ದಣಿದಿರಲಿಲ್ಲ.

ಇನ್ನೊಮ್ಮೆ ಕರೆದ. ಈ ಸಲ ಅಳುತ್ತಲೇ ಕರೆದ. ಇಡೀ ಹಿಂಡು ಬಂತು. ಅವನ ಮೊಣಕಾಲಿಗೆ ಒತ್ತಿ ನಿಂತವು. ಕೆಲವು ಅವನನ್ನು ದಾಟಿ ಹಿಂದೆ ಹೋಗಿ, ಅಲ್ಲಿ ಯಾರನ್ನೋ ಹುಡುಕಿ, ತಿರುಗಿ ಬಂದವು.

ಅಜ್ಜನವರು ಜಾಲಿಯ ಕೆಳಗೆ ಎದ್ದು ನಿಂತಿದ್ದರು. ಕೈ ಜೋಡಿಸಿದ್ದರು. ಗುಡಿಯ ಮುಂದೆ ನಿಂತವರ ಹಾಗೆ.

“ಕೇಳಿದ್ರಿ ಅಜ್ಜಾರ?”

“ಕೇಳಿದೆ,” ಎಂದರು. “ಅದು ಹೋಗಿದ್ದಿಲ್ಲಪಾ. ಇರಾಕ ಜಾಗ ಬೇಡತಿತ್ತು.”

ಅಷ್ಟೇ ಅವರು ಹೇಳಿದ್ದು. ಜಕ್ಕಪ್ಪ ಆಗ ಅವರ ಪಾದದ ಮೇಲೆ ಬಿದ್ದ. ಅವರು ಅವನ ತಲೆ ಮುಟ್ಟಿ, “ಏಳು, ಹಸಿವಾಗೈತಿ, ಒಂದೀಟು ಹಾಲು ಸಿಗತೈತೇನು ನೋಡು” ಎಂದರು. ಅವನು ಮುದಿ ಕುರಿಯ ಪಕ್ಕದ ಹಾಲು ಕೊಡುವ ಕುರಿಯನ್ನು ಹಿಡಿದು ಕೂತ. ಅದು ಒದೆಯಲಿಲ್ಲ. ಅಜ್ಜನವರು ಅರ್ಧ ಕುಡಿದು, ಉಳಿದದ್ದನ್ನು ಅವನ ಕೈಗಿತ್ತರು. ಅವನು ಪ್ರಸಾದವೆಂದು ಕಣ್ಣಿಗೆ ಒತ್ತಿಕೊಂಡು ಕುಡಿದ.

ಮರುದಿನ ಸೋಮಲಿಂಗ ಆಳುಗಳನ್ನು ಕರೆದುಕೊಂಡು ಬಂದ. ಜಕ್ಕಪ್ಪ ಕೈ ಮುಗಿದು, “ಮಾತು ಕೊಟ್ಟು ತಪ್ಪಿದೆ, ಬೈಯೂದಿದ್ರ ಬೈದುಬಿಡು” ಎಂದ. ಸೋಮಲಿಂಗ ಹೊಟ್ಟೆ ತುಂಬ ಬೈದ. ಜಕ್ಕಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಮಜ್ಜಿಗೆ ಕೊಟ್ಟು ಕಳಿಸಿದ.

ಆಮೇಲೆ ಅವನು ಹನ್ನೊಂದು ವರ್ಷ ಬದುಕಿದ. ಹಿಂಡಿನ ಮುಂದೆ ಹೋಗುವುದನ್ನು ಬಿಟ್ಟು ಹಿಂದೆ ನಡೆದ. ಪ್ರತಿ ಅಮಾವಾಸ್ಯೆಗೆ ಅಜ್ಜನವರ ಮಂಟಪಕ್ಕೆ ಹಾಲು ತರುವನು, ತಂದಿಟ್ಟು ಕೊಂಚ ಕೂತು ಹೋಗುವನು. ದುಃಖ ಹೋಯಿತೇ ಎಂದರೆ ಹೋಗಲಿಲ್ಲ. ಅದನ್ನು ಹೊತ್ತುಕೊಂಡು ನಡೆಯುವುದು ಕಲಿತ. ಅದೂ ಗುರುಕೃಪೆಯೇ.

ಅವನ ಕರೆಯನ್ನು ಕೇಳಿ ಆ ಸೀಮೆಯ ಹರೆಯದ ಕುರಿಗಾರರು ಕಲಿತರು. ಅವರಿಂದ ಅವರ ಮಕ್ಕಳು ಕಲಿತರು. ಅಜ್ಜನವರ ಗದ್ದುಗೆಯ ಮುಂದೆ ಸಂಜೆ ಕೂತರೆ ಈಗಲೂ ಬಯಲಿನ ಕಡೆಯಿಂದ ಆ ಕರೆ ಕೇಳಿಬರುತ್ತದೆ. ಅವ್ವ ಅನ್ನುವಲ್ಲಿ ಮುರಿಯುತ್ತದೆ. ಯಾಕೆ ಅಲ್ಲೇ ಮುರಿಯಬೇಕು ಎಂದು ಕರೆಯುವವರಿಗೆ ಗೊತ್ತಿಲ್ಲ. ಮುರಿಯದಿದ್ದರೆ ಕುರಿ ಬರುವುದಿಲ್ಲ, ಅಷ್ಟು ಗೊತ್ತು.