ಹಿಡಿಯೊಳಗಿನ ಸಕ್ಕರೆ

"ಮೇಷ್ಟ್ರೇ, ಹುಡುಕುತ್ತಿದ್ದದ್ದೇ ಸಿಕ್ಕಿಬಿಟ್ಟರೆ ಅದನ್ನು ನಂಬಬಹುದಲ್ಲವೇ?" ಎಂದು ಮಂದಾಕಿನಿ ಕೇಳಿದಳು.

ಆರು ವರ್ಷದಿಂದ ಅವಳು ಹರಳುಗಳ ಹಿಂದೆ ಬಿದ್ದಿದ್ದಳು. ರೋಗಾಣುವಿನ ಪ್ರೋಟೀನನ್ನು ಹರಳುಗಟ್ಟಿಸಿ, ಅದರೊಳಗೆ ಎಕ್ಸ್-ರೇ ಹಾಯಿಸಿ, ಅದರ ರೂಪವನ್ನು ತಿಳಿಯುವುದು ಅವಳ ಕೆಲಸ. ಕೊನೆಗೂ ಹುಡುಕುತ್ತಿದ್ದದ್ದು ಕಾಣುವ ಒಂದು ಚಿತ್ರ ಸಿಕ್ಕಿತ್ತು. ಸೋಮವಾರ ಪ್ರಬಂಧ ಕಳಿಸಬೇಕಾಗಿತ್ತು. ಆದರೂ ಮನಸ್ಸಿನಲ್ಲಿ ಏನೋ ಕೊರೆತ. ಮೇಷ್ಟ್ರ ಬಾಯಲ್ಲಿ ಒಂದು 'ಹೌದು' ಅನ್ನಿಸಿಕೊಂಡು ಹೋಗಲೆಂದೇ ಅವಳು ಬಂದಿದ್ದಳು.

ಶೇಷಗಿರಿ ಮೇಷ್ಟ್ರು ಅದೇ ವಿದ್ಯೆಯಲ್ಲಿ ತಲೆ ನರೆಸಿಕೊಂಡವರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕೂತ್ಕೋ, ಒಂದು ಕತೆ ಹೇಳ್ತೀನಿ" ಎಂದರು.

ಒಬ್ಬ ಸಂಶೋಧಕನಿದ್ದ. ಮೂತ್ರಕೋಶಕ್ಕೆ ಅಂಟಿಕೊಂಡು ಉರಿ ತರುವ ರೋಗಾಣು ಅವನ ಹಗೆ. ಆ ರೋಗಾಣುವಿನ ಮೈಮೇಲೆ ಸಣ್ಣ ಕೂದಲುಗಳು, ಕೂದಲ ತುದಿಯಲ್ಲಿ ಹಸ್ತದಂಥ ಒಂದು ಪ್ರೋಟೀನು. ನಮ್ಮ ಜೀವಕೋಶಗಳ ಮೇಲಿರುವ ಸಕ್ಕರೆಯನ್ನು ಆ ಹಸ್ತ ಹಿಡಿಯುತ್ತದೆ. ಹಿಡಿದರೆ ಉಡದ ಹಿಡಿತ, ಮೂತ್ರ ರಭಸದಿಂದ ಹರಿದರೂ ಬಿಡುವುದಿಲ್ಲ. ಆದರೆ ಬೇರೊಂದು ಸಕ್ಕರೆಯನ್ನು ಅದರ ಕೈಗೆ ಮೊದಲೇ ಕೊಟ್ಟುಬಿಟ್ಟರೆ, ಅಂಟಿಕೊಳ್ಳಲು ಕೈ ಬಿಡುವಿಲ್ಲದೆ ರೋಗಾಣು ಕೊಚ್ಚಿಹೋಗುತ್ತದೆ. ಸಂಶೋಧಕ ಅಂಥದೊಂದು ಸಕ್ಕರೆಯನ್ನು ತಯಾರಿಸಿದ್ದ. ಹಸ್ತ ಅದನ್ನು ಹೇಗೆ ಹಿಡಿಯುತ್ತದೆಂದು ತಿಳಿದರೆ ಔಷಧಿಗೆ ದಾರಿಯಾಗುತ್ತಿತ್ತು.

ಅವನು ಆ ಪ್ರೋಟೀನಿನ ಹರಳನ್ನು ಸಕ್ಕರೆಯ ನೀರಿನಲ್ಲಿ ನೆನೆಸಿದ. ಹೆಪ್ಪುಗಟ್ಟಿಸುವಾಗ ಅದು ಸೀಳದಿರಲೆಂದು ಗ್ಲಿಸರಿನ್‌ನಲ್ಲಿ ಅದ್ದಿದ. ಅದು ಆ ಕಸುಬಿನ ರೂಢಿ. ಎಕ್ಸ್-ರೇ ಹಾಯಿಸಿದಾಗ ಚಿತ್ರದಲ್ಲಿ ಹಸ್ತ ಮೂಡಿತು, ಹಸ್ತದ ನಡುವೆ ಒಂದು ಗಂಟು. ಇದೇ ನನ್ನ ಸಕ್ಕರೆ ಎಂದು ಸಂಶೋಧಕ ಕುಣಿದಾಡಿದ.

ಕಂಪ್ಯೂಟರಿನಲ್ಲಿ ಆ ಗಂಟಿನೊಳಗೆ ಸಕ್ಕರೆಯ ಆಕೃತಿಯನ್ನು ಕೂರಿಸಿದ. ಅರ್ಧ ಕೂತಿತು, ಅರ್ಧ ಹೊರಗೇ ಉಳಿಯಿತು. ಅತಿ ಮಸುಕಾದ ಗುರುತುಗಳೂ ತೋರುವಂತೆ ಮಾಡಿದ. ಹೊರಗುಳಿದ ಅರ್ಧದ ಸುತ್ತ ಏನೋ ಮಂಜು ಕವಿಯಿತು. ಅವನಿಗೆ ಅಷ್ಟೇ ಸಾಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ. ಮಂಜಿನಲ್ಲಿ ಹುಡುಕಿದರೆ ಯಾರಿಗೆ ಏನು ಬೇಕೋ ಅದು ಸಿಗುತ್ತದೆ.

ಆ ಪ್ರಯೋಗಾಲಯದಲ್ಲಿ ದ್ರಾವಣ ಕಲಸುವ ಒಬ್ಬ ಹೆಂಗಸಿದ್ದಳು. ಅವಳು ಚಿತ್ರವನ್ನು ನೋಡಿ, "ಅಷ್ಟೊಂದು ಗ್ಲಿಸರಿನ್ ಹಾಕಿದ್ರಲ್ಲ, ಅದೆಲ್ಲಿ ಹೋಯ್ತು ಸಾರ್?" ಎಂದಳು.

"ಎಲ್ಲೋ ನೀರಲ್ಲಿರುತ್ತೆ ಬಿಡಮ್ಮ."

"ಸಕ್ಕರೆ ತೆಗೆದು ಒಂದ್ಸಲ ನೋಡಿ. ಇದ್ದರೆ ಎಲ್ಲೂ ಓಡಿಹೋಗಲ್ಲ."

ಅದೂ ಆ ಕಸುಬಿನ ರೂಢಿಯೇ. ಕೂರಿಸಿದ್ದನ್ನು ತೆಗೆದು ಚಿತ್ರವನ್ನು ಹೊಸದಾಗಿ ಲೆಕ್ಕಹಾಕಿದರೆ, ನಿಜವಾಗಿ ಇದ್ದದ್ದು ತಾನಾಗಿ ಮತ್ತೆ ಮೂಡುತ್ತದೆ. ಗೊತ್ತಿದ್ದೂ ಅವನು ಮಾಡಿರಲಿಲ್ಲ. ಮೂರು ದಿನ ಮುಂದೂಡಿದ. ಆಮೇಲೆ ತಪ್ಪು ಔಷಧಿ ನುಂಗಿ ಉರಿಯಲ್ಲಿ ನರಳುವವರು ನೆನಪಾದರು, ಅವನಿಗೆ ನಿಜಕ್ಕೂ ಭಯವಾಯಿತು. ನಾಲ್ಕನೆಯ ದಿನ ಸಕ್ಕರೆಯನ್ನು ತೆಗೆದ. ಮಂಜು ಮಾಯವಾಗಿತ್ತು. ಉಳಿದದ್ದು ಒಂದು ಪುಟ್ಟ ಗಂಟು, ಸರಿಯಾಗಿ ಗ್ಲಿಸರಿನ್‌ನ ಅಳತೆಯದು. ಅದರ ಆಕಾರ ಸಕ್ಕರೆಯ ಒಂದು ತುಂಡನ್ನು ಹೋಲುತ್ತದೆ. ಗ್ಲಿಸರಿನ್ ರಾಶಿರಾಶಿಯಾಗಿ ಬಂದು ಬಿದ್ದಾಗ, ಹಸ್ತ ಸಕ್ಕರೆಯನ್ನು ಬಿಟ್ಟು ಅದನ್ನೇ ಹಿಡಿದುಕೊಂಡಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಒಂದು ದಿನ ಪೆಚ್ಚಾಗಿ ಕೂತಿದ್ದ. ಮಾರನೆಯ ದಿನ ಎದ್ದು ಹೊಸ ಹರಳು ಬೆಳೆಸಲು ತೊಡಗಿದ. ಏಳು ತಿಂಗಳು ಹಿಡಿಯಿತು. ಈ ಸಲ ಗ್ಲಿಸರಿನ್ ಬಿಟ್ಟು ಎಣ್ಣೆಯಲ್ಲಿ ಅದ್ದಿದ. ಸಕ್ಕರೆ ಪೂರ್ತಿಯಾಗಿ ಕಂಡಿತು. ಅವನು ಮೊದಲು ಕೂರಿಸಿದ್ದಕ್ಕೆ ತಲೆಕೆಳಗಾಗಿ ಅದು ಕೂತಿತ್ತು. ದ್ರಾವಣ ಕಲಸುವ ಹೆಂಗಸಿಗೆ ಒಂದು ಡಬ್ಬಿ ಮೈಸೂರು ಪಾಕ್ ತಂದುಕೊಟ್ಟ, ಅದರಲ್ಲಿ ಅರ್ಧ ತಾನೇ ತಿಂದ. ಅಂಥ ಸುಖದ ನಿದ್ದೆ ಅವನಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಮೇಷ್ಟ್ರು ಕತೆಯನ್ನು ಮುಗಿಸಿದರು. ಮಂದಾಕಿನಿಗೆ ಕತೆ ಹಿಡಿಸಿತು, ಒಳಗೊಳಗೇ ಚುಚ್ಚಿತೂ ಕೂಡ. ಅವಳೂ ತನ್ನ ಹರಳನ್ನು ಗ್ಲಿಸರಿನ್‌ನಲ್ಲೇ ಅದ್ದಿದ್ದಳು. ಆದರೂ ಸುಲಭವಾಗಿ ಸೋಲುವ ಹೆಣ್ಣಲ್ಲ ಅವಳು.

"ಮೇಷ್ಟ್ರೇ, ಲಕ್ಷಾಂತರ ವರ್ಷದಿಂದ ಸಕ್ಕರೆ ಹಿಡಿದೇ ಬದುಕಿರೋದು ಆ ರೋಗಾಣು. ಅದೇ ಗ್ಲಿಸರಿನ್ನನ್ನ ಸಕ್ಕರೆ ಅಂದ್ಕೊಂಡು ಮೋಸ ಹೋಯ್ತಲ್ಲ! ಹಾಗಿರುವಾಗ ಆ ಮನುಷ್ಯನದೇನು ತಪ್ಪು?"

ಮೇಷ್ಟ್ರು ನಕ್ಕರು.

"ರೋಗಾಣುವಿಗೆ ಕಣ್ಣಿಲ್ಲ, ಮಗು."

ತಾನು ಕೂರಿಸಿದ್ದನ್ನು ತೆಗೆದು ನೋಡಲು ಮಂದಾಕಿನಿ ಪ್ರಯೋಗಾಲಯಕ್ಕೆ ಹೊರಟಳು.